ತುಂಬಿದ ಬಾಯಿಗಳ ಸಭೆ

ಒಂದು ಬೆಚ್ಚನೆಯ ಕಡಲಿನಲ್ಲಿ, ಹವಳದ ದಿಬ್ಬದ ಸಂದುಗೊಂದುಗಳಲ್ಲಿ, ಹೆಬ್ಬೆರಳುದ್ದದ ಕೆಂಪು ಮೀನುಗಳ ಊರೊಂದಿತ್ತು. ಆ ಕುಲದಲ್ಲಿ ಮೊಟ್ಟೆ ಇಡುವುದು ತಾಯಿ, ಕಾಯುವುದು ತಂದೆ. ಕಾಯುವುದೆಂದರೆ ಬಾಯೊಳಗೆ. ಎಂಟು ದಿನ ಅಪ್ಪಂದಿರು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು, ಊಟವಿಲ್ಲ, ಮಾತಿಲ್ಲ. ಬಾಯಿ ತೆರೆದರೆ ಇಡೀ ಸಂಸಾರ ನೀರುಪಾಲು.

ಊರಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಸಭೆಯಲ್ಲಿ ಬೇಡವೆನ್ನುವವರು ‘ಒಲ್ಲೆ’ ಎಂದು ಗಟ್ಟಿಯಾಗಿ ಹೇಳಬೇಕು, ಹೇಳದವರೆಲ್ಲ ಒಪ್ಪಿದಂತೆ. ಎರಡೂ ಒಳ್ಳೆಯ ಪದ್ಧತಿಗಳೇ, ದೂರುವಂಥದ್ದೇನಿಲ್ಲ. ಎರಡನ್ನೂ ಒಂದೇ ದಿನ ಬಳಸಬಹುದೆಂದು ಹೊಳೆದದ್ದು ಮಾತ್ರ ಊರ ಯಜಮಾನನಿಗೆ. ಮೊಟ್ಟೆ ಕಾಯುವ ವಯಸ್ಸು ದಾಟಿದ ಮೀನು ಅದು. ಬಾಯಿ ಸದಾ ಖಾಲಿ, ಆದ್ದರಿಂದ ಮಾತು ಸದಾ ಧಾರಾಳ.

ದಿಬ್ಬದ ಹೊಟ್ಟೆಯಲ್ಲಿ ಒಳಗವಿಯೊಂದಿತ್ತು. ಹುಟ್ಟಿದ ಮರಿಗಳು ಬಲಿಯುವವರೆಗೆ ಅಡಗಿಕೊಳ್ಳಲು ಇದ್ದ ಜಾಗ ಅದೊಂದೇ. ಆಚೆ ಕಡಲಿನ ಹಾವುಮೀನೊಂದು ಆ ಗವಿಯನ್ನು ಕೇಳಿತು. ಊರು ಕಾಯುತ್ತೇನೆ ಎಂದಿತು. ಗವಿಯ ಬಾಗಿಲಲ್ಲಿ ಯಜಮಾನರಿಗೆ ಖಾಯಂ ಆಸನ ಹಾಕಿಸುತ್ತೇನೆ ಎಂದೂ ಸೇರಿಸಿತು.

ಅಪ್ಪಂದಿರೆಲ್ಲರ ಬಾಯಿ ತುಂಬಿದ ಐದನೆಯ ದಿನ ಯಜಮಾನ ಸಭೆ ಕರೆದ.

“ಒಳಗವಿಯನ್ನು ಹಾವುಮೀನಿಗೆ ಕೊಡೋಣವೆಂದಿದ್ದೇನೆ. ಒಲ್ಲೆ ಅನ್ನುವವರು ಸಂಕೋಚವಿಲ್ಲದೆ ಹೇಳಿ.”

ಕೆನ್ನೆ ಉಬ್ಬಿಸಿಕೊಂಡ ಅಪ್ಪಂದಿರು ಮಿಕಮಿಕ ನೋಡಿದರು. ಅವರಲ್ಲಿ ಕೆಂಚ ಎಂಬುವನಿದ್ದ. ಅವನ ಬಾಯಲ್ಲಿದ್ದದ್ದು ಮೊದಲ ಮಕ್ಕಳು. ಇನ್ನು ಮೂರು ದಿನಕ್ಕೆ ಮರಿಗಳು ಹೊರಬರುತ್ತವೆ. ಗವಿಯಿಲ್ಲದಿದ್ದರೆ ಒಂದೂ ಉಳಿಯುವುದಿಲ್ಲ. ಆದರೂ ಅವನು ಬಾಯಿ ಬಿಡುವಂತಿರಲಿಲ್ಲ.

ಅವನ ಹೆಂಡತಿ ಮಿಂಚಿ ಹಿಂದಿನಿಂದ ನುಗ್ಗಿ ಬಂದಳು. “ಒಲ್ಲೆ! ನನ್ನ ಮಕ್ಕಳು ಎಲ್ಲಿಗೆ ಹೋಗಬೇಕು, ಯಜಮಾನ್ರೇ?”

“ತಾಯೀ, ಇದು ಮೊಟ್ಟೆ ಹೊತ್ತವರ ಸಭೆ. ನಿನ್ನ ಮಾತು ಲೆಕ್ಕಕ್ಕಿಲ್ಲ.”

“ಹೊತ್ತವರು ಮಾತಾಡೋದು ಹೇಗೆ?”

“ಅದು ಅವರಿಷ್ಟ. ನಾನು ಯಾರ ಬಾಯನ್ನೂ ಮುಚ್ಚಿಲ್ಲ.”

ಮಿಂಚಿ ಗಂಡನ ಮುಂದೆ ಹೋಗಿ ನಿಂತಳು. “ಇಲ್ಲಿ ಕೊಡಿ,” ಎಂದು ಬಾಯಿ ತೆರೆದಳು. ಆ ಕುಲದ ಯಾವ ಹೆಂಗಸೂ ಹಾಗೆ ಮಾಡಿರಲಿಲ್ಲ. ಕೆಂಚ ಹತ್ತಿರ ಸರಿದ. ಅವಳ ಬಾಯಿಗೆ ಬಾಯಿಟ್ಟು, ಒಂದೂ ಜಾರದಂತೆ ಮೊಟ್ಟೆಗಳನ್ನು ದಾಟಿಸಿದ. ಆಮೇಲೆ ತಿರುಗಿ, ಐದು ದಿನದ ಉಪವಾಸದ ಗಂಟಲಿನಿಂದ ಕೂಗಿದ: “ಒಲ್ಲೆ!”

ಸಭೆಯಲ್ಲಿ ರೆಕ್ಕೆಗಳು ಅಲುಗಿದವು. ಯಜಮಾನ ಮಾತ್ರ ಅಲುಗಲಿಲ್ಲ.

“ಅಯ್ಯೋ ಕೆಂಚ, ಒಂದು ಗಳಿಗೆ ಮುಂಚೆ ಹೇಳಬಾರದಿತ್ತೇನಪ್ಪ? ಈಗ ನಿನ್ನ ಬಾಯಲ್ಲಿ ಮೊಟ್ಟೆ ಎಲ್ಲಿದೆ? ಹಕ್ಕು ನಿನ್ನ ಹೆಂಡತಿಯದಾಯಿತು.” ಬಹಳ ಮರ್ಯಾದೆಯಿಂದ ಅವಳತ್ತ ತಿರುಗಿದ. “ಏನಮ್ಮ ಮಿಂಚಿ, ನಿನ್ನದೇನಾದರೂ ತಕರಾರಿದೆಯೋ?”

ಮಿಂಚಿಯ ಕಣ್ಣುಗಳು ಕೆಂಡವಾದವು. ಬಾಯಿ ಬಿಗಿಯಾಗಿಯೇ ಇತ್ತು.

“ಹಾಗಾದರೆ ಎಲ್ಲರೂ ಒಪ್ಪಿದಂತಾಯಿತು,” ಎಂದ ಯಜಮಾನ.

ಹಾವುಮೀನು ಅಷ್ಟರಲ್ಲೇ ಬಂದು ಗವಿಯೊಳಗೆ ಸರಿದು ತಲೆಯಷ್ಟನ್ನೇ ಹೊರಗಿಟ್ಟಿತು. ಯಜಮಾನ ಬಾಗಿಲಲ್ಲಿದ್ದ ತನ್ನ ಆಸನದ ಮೇಲೆ ಹೋಗಿ ಕುಳಿತ. ಸ್ವಲ್ಪ ಹೊತ್ತಾಗಿತ್ತಷ್ಟೆ, ದೂರದಿಂದ ಬಂದಿದ್ದ ಹಾವುಮೀನಿಗೆ ಹಸಿವಾಯಿತು. ಅದು ಯಜಮಾನನ ಬಾಲ ಹಿಡಿಯಿತು.

“ಒಲ್ಲೆ! ಒಲ್ಲೆ! ಅಪ್ಪಂದಿರಾ, ಕೇಳಿಸ್ತಿದೆಯಾ? ಒಲ್ಲೆ!”

ಎಲ್ಲರಿಗೂ ಕೇಳಿಸಿತು. ಅಪ್ಪಂದಿರು ತಂತಮ್ಮ ಕೆನ್ನೆ ಬಿಗಿಹಿಡಿದು, ಮೂರು ದಿನದೊಳಗೆ ಬೇರೊಂದು ಗವಿ ಸಿಕ್ಕೀತೇ ಎಂದು ದಿಬ್ಬದಾಚೆ ಹೊರಟಿದ್ದರು. ಮಿಂಚಿ ಎಲ್ಲರಿಗಿಂತ ಮುಂದಿದ್ದಳು. ಅಪ್ಪಂದಿರಲ್ಲಿ ಮಾತಾಡಬಲ್ಲ ಸ್ಥಿತಿಯಲ್ಲಿದ್ದವನು ಕೆಂಚನೊಬ್ಬನೇ. ಅವನೊಮ್ಮೆ ನಿಂತು, ಹಿಂತಿರುಗಿ ನೋಡಿದ.

“ಯಜಮಾನ್ರೇ,” ಎಂದು ಕೇಳಿದ, “ನಿಮ್ಮ ಬಾಯಲ್ಲಿ ಮೊಟ್ಟೆ ಇದೆಯೇ?”