ಇಂದ್ರವ್ವನ ಕಾಳಿನ ಖಾರ

ತೊರಗಲ್ ಕೋಟೆಯ ಬುಡದಲ್ಲಿದ್ದ ಅಂದಾನೆಪ್ಪನ ಮನೆಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಇಂದ್ರವ್ವ ಒಂದು ತಪ್ಪು ಮಾಡಿದಳು. ಚಲೋ ಅಡುಗೆ ಮಾಡಿದಳು.

ತವರೂರು ದೊಡವಾಡದಲ್ಲಿ ತಾಯಿ ರಾಚವ್ವ ಕಲಿಸಿದ ಕಾಳಿನ ಖಾರ ಅದು. ಮಡಕಿಕಾಳು, ಅಲಸಂದಿ, ಕಡಲೆ ಮೂರನ್ನೂ ನೆನೆಹಾಕಿ ಮಣ್ಣಿನ ಗಡಿಗೆಯಲ್ಲಿ ಸಣ್ಣ ಉರಿಗೆ ಬೇಯಲಿಡಬೇಕು. ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಹುರಿದ ಒಣಮೆಣಸಿನಕಾಯಿ, ಒಣಕೊಬ್ಬರಿ, ಎಳ್ಳು, ಬೆಳ್ಳುಳ್ಳಿ ಎಲ್ಲವನ್ನೂ ಕಲ್ಲಿನಲ್ಲಿ ನುಣ್ಣಗೆ ಅರೆದು ಸೇರಿಸಬೇಕು. ಕುದಿಕುದಿದು ಕೆಂಪಗೆ ಗಟ್ಟಿಯಾದ ಮೇಲೆ ರೊಟ್ಟಿಯ ಮೇಲೆ ಹಾಕಿದರೆ ಅದು ಹರಿಯದೆ ನಿಲ್ಲುತ್ತಿತ್ತು.

ಆ ದಿನ ಅಂದಾನೆಪ್ಪ ನಾಲ್ಕು ರೊಟ್ಟಿ ಉಂಡ. ಮರುದಿನವೂ ಅದೇ ಬೇಕೆಂದ. ಆಮೇಲೆ ಬಾಗಿಲ ಮುಂದೆ ಹಾದುಹೋಗುವವರನ್ನೆಲ್ಲ ಕರೆದು, "ಉಂಡ ಹೋಗ್ರಿ, ನಮ್ಮ ಸೊಸಿ ಕೈಗುಣ ನೋಡ್ರಿ" ಅನ್ನತೊಡಗಿದ. ಆತ ಕೆಟ್ಟವನೇನಲ್ಲ. ದೀಪಾವಳಿಗೆ ಆಕೆಗೆ ಇಳಕಲ್ ಸೀರೆ ತಂದುಕೊಟ್ಟ. ಆದರೆ ನಾಗರಪಂಚಮಿಗೆ ಆಕೆಯನ್ನು ಕರೆಯಲು ಬಂದ ತವರಿನವರನ್ನು ಮೂರು ವರ್ಷವೂ ಹೊಟ್ಟೆತುಂಬ ಉಣಿಸಿ, ಬರಿಗೈಲಿ ಕಳಿಸಿದ. ಗಂಡ ಉಳವಪ್ಪ ತಂದೆಗೆ ಎದುರಾಡಿದವನಲ್ಲ. ಅಡುಗೆಮನೆಗೆ ಅಂಗೈಯಗಲದ ಒಂದು ಬೆಳಕಿಂಡಿ ಇತ್ತು. ಹೊತ್ತು ಏರಿದ್ದು, ಇಳಿದದ್ದು ಇಂದ್ರವ್ವನಿಗೆ ಅದರಿಂದಲೇ ಗೊತ್ತಾಗಬೇಕು.

ನಾಲ್ಕನೆಯ ವರ್ಷ ಅರಳೆ ಬಿಡಿಸುವ ಕಾಲಕ್ಕೆ ಅಣ್ಣ ಹಣಮಂತಪ್ಪ ಗಾಡಿ ಕಟ್ಟಿಕೊಂಡು ಬಂದ. ಅಂದು ಮಂಗಳವಾರ.

"ಬೀಗರ, ಅವ್ವಗ ಲಕ್ವಾ ಹೊಡದೈತಿ. ಎಡಗೈ ಎಡಗಾಲು ಬಿದ್ದಾವ. ಇಂದ್ರವ್ವನ ಹೆಸರೇ ಹೇಳತಾಳ. ಕಳಸ್ರಿ" ಅಂದ.

ಅಂದಾನೆಪ್ಪ ನಿಜವಾಗಿಯೂ ಮರುಗಿದ. "ಛೇ, ಕಳಸೋಣು. ಆದ್ರ ಬರೋ ಸೋಮವಾರ ಅರಳಿ ನೋಡಾಕ ರಾಮದುರ್ಗದ ವ್ಯಾಪಾರಿ ಇಸ್ಮಾಯಿಲಸಾಬರು ಬರತಾರ. ಅವರದೊಂದು ಊಟ ಆಗಲಿ. ಆಮ್ಯಾಲ ನೋಡೋಣಂತ."

"ಅಲ್ಲೀತನಕ ಅವ್ವ ಇರತಾಳೋ ಇಲ್ಲೋ..."

"ಹಂಗ್ಯಾಕಂತೀರಿ? ಏನೂ ಆಗೂದಿಲ್ಲ. ಕೈ ತೊಳ್ಕೊಳ್ರಿ, ಊಟಕ್ಕೇಳ್ರಿ."

ತಾಯಿಯನ್ನು ನೆರೆಯವರ ಕೈಗೆ ಒಪ್ಪಿಸಿ ಬಂದಿದ್ದ ಹಣಮಂತಪ್ಪ ಕಾಯುವಂತಿರಲಿಲ್ಲ. ಎತ್ತಿನ ಕೊರಳ ಗೆಜ್ಜೆಯ ಸದ್ದು ಓಣಿ ದಾಟಿ ಕ್ಷೀಣವಾಗುವವರೆಗೆ ಇಂದ್ರವ್ವ ಒಲೆಯ ಮುಂದೆ ಕಲ್ಲಿನಂತೆ ಕೂತಿದ್ದಳು. ಗಡಿಗೆಯ ತಳ ಹತ್ತಿದ ವಾಸನೆ ಬಂದಾಗ ಮೈ ಉರಿಯಿತು. ಈ ಕೈಗುಣವೇ ಅಲ್ಲವೇ ತನ್ನನ್ನು ಇಲ್ಲಿ ಕಟ್ಟಿಹಾಕಿದ್ದು? ಉಪ್ಪಿನ ಮರಿಗೆಗೆ ಕೈಹಾಕಿ ಮುಷ್ಟಿ ತುಂಬಿಕೊಂಡಳು.

ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಅತ್ತೆ ಗುರವ್ವ. ಕಾಳು ಹಸನು ಮಾಡುತ್ತ ಮೂಲೆಯಲ್ಲಿ ಕೂರುವ, ಒಲೆಯ ಹತ್ತಿರ ಎಂದೂ ಸುಳಿಯದ ಹೆಂಗಸು.

"ಅದನ್ನ ನಾ ಮಾಡಿ ನೋಡೀನಿ" ಅಂದಳು ಗುರವ್ವ ಮೆಲ್ಲಗೆ. "ನಮ್ಮಪ್ಪ ತೀರಿಕೊಂಡಾಗ ನನ್ನ ಕಳಸಲಿಲ್ಲ. ಸಿಟ್ಟಿಗೆದ್ದು ಹಿಂಗ ಮುಷ್ಟಿ ಉಪ್ಪ ಹಾಕಿದೆ. ನಿಮ್ಮ ಮಾವ ಉಣ್ಣೂ ಗಂಗಾಳ ತೂರಿದ್ರು. ಇಪ್ಪತ್ತ ವರ್ಷಾತು, ನನ್ನ ಕೈಯಾನ ಕೂಳ ಮುಟ್ಟಿಲ್ಲ. ಮೊದಲ ನಾದಿನಿ ಮಾಡತಿದ್ಲು, ಆಕಿ ತೀರಿಕೊಂಡಮ್ಯಾಲ ನೀ ಬಂದಿ. ಆದ್ರೂ ನನ್ನ ಹೊಚ್ಚಲ ದಾಟಾಕ ಬಿಡಲಿಲ್ಲ."

ಇಂದ್ರವ್ವನ ಮುಷ್ಟಿ ಸಡಿಲವಾಯಿತು.

"ಒಲಿ ಮುಂದ ಜಾಗಾ ಬಿಡು. ನನಗ ಕಲಿಸು."

ಮರುದಿನದಿಂದ ಗುರವ್ವ ಅಡುಗೆಗೆ ಕೂತಳು. ಮೊದಲ ದಿನ ಉರಿ ಹೆಚ್ಚಾಗಿ ಅರ್ಧ ಕೊಬ್ಬರಿ ಕರಕಲಾಯಿತು, ಬೇರೆ ಕೊಬ್ಬರಿ ಹುರಿದುಕೊಂಡರು. ಮೂರನೆಯ ದಿನಕ್ಕೆ ಮೆಣಸಿನಕಾಯಿ ಎಷ್ಟು ಕಪ್ಪಾದಾಗ ಇಳಿಸಬೇಕೆಂಬುದು ಮೂಗಿಗೇ ತಿಳಿಯಿತು. ಬಡಿಸುವುದು ಮಾತ್ರ ಇಂದ್ರವ್ವ. ಪ್ರತಿ ಸಲ ಮಾವ ಮೊದಲ ತುತ್ತು ಬಾಯಿಗಿಟ್ಟಾಗ ಆಕೆ ಕದದ ಮರೆಯಿಂದ ನೋಡುತ್ತಿದ್ದಳು. ಆತನಿಗೆ ಯಾವ ಅನುಮಾನವೂ ಬರಲಿಲ್ಲ.

ಸೋಮವಾರ ಇಸ್ಮಾಯಿಲಸಾಬ ಬಂದ. ಅರಳೆ ನೋಡಿ, ಮಾತು ಮುಗಿಸಿ, ಇಬ್ಬರೂ ಪಡಸಾಲೆಯಲ್ಲಿ ಊಟಕ್ಕೆ ಕೂತರು.

"ನೋಡ್ರಿ ಸಾಹೇಬ್ರ, ದಿನಾ ದಿನಾ ರುಚಿ ಏರಾಕ ಹತ್ತೈತಿ" ಅಂದ ಅಂದಾನೆಪ್ಪ. "ಇಂಥಾ ಸೊಸೀನ್ನ ಹೆಂಗ ಕಳಸೂದು ಹೇಳ್ರಿ?"

ಆಗ ಗುರವ್ವ ಸೆರಗು ಹೊದ್ದು ಬಾಗಿಲಲ್ಲಿ ಬಂದು ನಿಂತಳು. ಪರರು ಇದ್ದಾಗ ಆಕೆ ಪಡಸಾಲೆಗೆ ಬಂದದ್ದೇ ಇಲ್ಲ.

"ಸೊಸಿ ಮಾಡಿದ್ದಲ್ಲ. ಆರು ದಿವಸಾತು, ನಾನ ಮಾಡಾಕ ಹತ್ತೇನಿ. ನನ್ನ ಕೈಯಾನ ಅಡಗಿನ ನೀವು ಉಣ್ಣಾಕ ಹತ್ತೀರಿ."

ಅಂದಾನೆಪ್ಪನ ಕೈಯಲ್ಲಿದ್ದ ರೊಟ್ಟಿಯ ತುಣುಕು ಅಲ್ಲೇ ನಿಂತಿತು. ಕಿವಿ ಕೆಂಪಾದವು. ಗಂಗಾಳ ಈಗ ಗೋಡೆಗೆ ಬೀಳುತ್ತದೆ ಎಂದು ಕದದ ಮರೆಯಲ್ಲಿದ್ದ ಇಂದ್ರವ್ವ ಕಣ್ಣು ಮುಚ್ಚಿದಳು.

ಕೇಳಿಸಿದ್ದು ಇಸ್ಮಾಯಿಲಸಾಬನ ದನಿ. ಆತ ತಲೆ ಎತ್ತದೆಯೇ, "ಅಕ್ಕಾರ, ಇನ್ನೊಂದೀಟ ಹಾಕ್ರಿ" ಅಂದ.

ಗುರವ್ವ ಬಡಿಸಿದಳು. ಅತಿಥಿಯ ಎದುರು ಅಂದಾನೆಪ್ಪನೂ ಆ ತುಣುಕನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ಕೊನೆಗೆ ಹೊರಗೆ ನೋಡಿ ಕೂಗಿದ: "ಉಳವ್ಯಾ, ಗಾಡಿ ಹೂಡು. ಇಂದ್ರವ್ವನ್ನ ದೊಡವಾಡಕ್ಕ ಬಿಟ್ಟ ಬಾ. ಹದಿನೈದು ದಿವಸ. ಹೆಚ್ಚಿಗಿ ಇಲ್ಲ."

ಗಂಟು ಕಟ್ಟಿಕೊಂಡ ಇಂದ್ರವ್ವ ಹೇಳಿಹೋಗಲು ಅಡುಗೆಮನೆಗೆ ಬಂದಳು. ಪಡಸಾಲೆಯಿಂದ ಮಾವನ ಕೂಗು ಅವಳ ಹಿಂದೆಯೇ ಬಂತು: "ಗುರವ್ವಾ, ಸಂಜಿಗೂ ಇದನ್ನ ಮಾಡು!"

ಗುರವ್ವ ಉರಿ ಊದುತ್ತಿದ್ದಳು. ಮೆಣಸಿನಕಾಯಿ ಘಾಟಿಗೆ ಕಣ್ಣು ಕೆಂಪಾಗಿದ್ದವು. ಇಪ್ಪತ್ತು ವರ್ಷ ಈ ಹೊಗೆಯಿಂದ ದೂರವಿದ್ದವಳು ತನ್ನ ಬದಲಿಗೆ ಈ ಒಲೆಯ ಮುಂದೆ ಬಂದು ಕೂತಿದ್ದಾಳೆ ಎಂಬುದು ಇಂದ್ರವ್ವನಿಗೆ ಆಗ ಸರಿಯಾಗಿ ಅರಿವಾಯಿತು.

"ಅತ್ತಿ..." ಅಂದಳು. ಬಾಗಿ ಕಾಲು ಮುಟ್ಟಿದಳು.

"ಹೋಗು. ಅವರ ಮನಸ ತಿರುಗೂದರಾಗ ಹೋಗಿಬಿಡು."

ಗಂಡಹೆಂಡತಿ ರಾತ್ರಿ ಸವದತ್ತಿಯ ನೆಂಟರ ಮನೆಯಲ್ಲಿ ತಂಗಿ, ಮರುದಿನ ಹೊತ್ತು ಇಳಿಯುವಾಗ ದೊಡವಾಡ ಸೇರಿದರು. ರಾಚವ್ವ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗಳ ದನಿ ಕೇಳಿ ಹೊರಳಲು ನೋಡಿದಳು, ಆಗಲಿಲ್ಲ. ಇಂದ್ರವ್ವ ಹೊರಸು ಸುತ್ತಿ ಬಂದು ಎದುರಿಗೆ ಕೂತಳು. ತಾಯಿ ಬಲಗೈಯಿಂದ ಅವಳ ಗಲ್ಲ ಸವರಿ, ತೊದಲು ನಾಲಿಗೆಯಲ್ಲಿ ಕೇಳಿದ್ದು ಒಂದೇ ಮಾತು.

"ಎಷ್ಟ ದಿವಸಕ್ಕ ಬಿಟ್ಟಾರವ್ವಾ?"

"ಇರತೇನಿ ತಗೋಬೇ" ಅಂದಳು ಇಂದ್ರವ್ವ. ಮಾವ ಕೊಟ್ಟ ಹದಿನೈದರಲ್ಲಿ ಆಗಲೇ ಒಂದೂವರೆ ದಿನ ದಾರಿಯಲ್ಲೇ ಕಳೆದಿತ್ತು.