ಹೊಳಪು ತೆಗೆದ ಗೋಡೆ

ನನ್ನ ಮಗ ರಕ್ಷಣಾ ದಳದಲ್ಲಿದ್ದ. ಮೂರು ವರ್ಷದ ಹಿಂದೆ ಹಳೆಯ ಕಟ್ಟಡವೊಂದು ಕುಸಿದಾಗ, ಓಣಿಯಂಥ ನಡುಮನೆಯ ತಿರುವಿನಾಚೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದು ನೋಡಲು ಒಬ್ಬನೇ ಒಳಗೆ ಹೋದ. ಉಳಿದಿದ್ದ ಚಾವಣಿಯೂ ಅವನ ಮೇಲೆ ಬಿತ್ತು. ತಿರುವಿನಾಚೆಯ ಕೋಣೆಯಲ್ಲಿ ಯಾರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಭಗವಂತನ ಇಚ್ಛೆ ಎಂದು ದಿನಾ ಬೆಳಿಗ್ಗೆ ಕೈಮುಗಿದು ಹೇಳಿಕೊಳ್ಳುತ್ತೇನೆ. ಬಾಯಿ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ.

ಅವನ ತಂಗಿ, ನನ್ನ ಮಗಳು, ಬೆಳಕಿನ ವಿಷಯದಲ್ಲಿ ಸಂಶೋಧನೆ ಮಾಡುವವಳು. ಅಣ್ಣ ಹೋದ ಮೇಲೆ ಉಳಿದದ್ದನ್ನೆಲ್ಲ ಬದಿಗಿಟ್ಟು ಒಂದೇ ಯಂತ್ರದ ಹಿಂದೆ ಬಿದ್ದಳು. ತಿರುವಿನಾಚೆ ಹೋಗದೆ ಅಲ್ಲಿ ಏನಿದೆ ಎಂದು ನೋಡುವ ಯಂತ್ರ. ಎದುರಿನ ಗೋಡೆಯ ಮೇಲೆ ಅದು ಬೆಳಕಿನ ಚುಕ್ಕೆ ಬೀಳಿಸುತ್ತದೆ. ಬೆಳಕು ಅಲ್ಲಿ ಎಲ್ಲ ಕಡೆಗೂ ಚೆದುರುತ್ತದೆ. ಚೆದುರಿದ್ದರಲ್ಲಿ ಒಂದಿಷ್ಟು ತಿರುವಿನಾಚೆಗೆ ಹೋಗಿ, ಅಲ್ಲಿರುವುದನ್ನು ಮುಟ್ಟಿ, ಮತ್ತೆ ಅದೇ ಗೋಡೆಗೆ ಬಂದು ಯಂತ್ರಕ್ಕೆ ಮರಳುತ್ತದೆ. ಎಷ್ಟು ತಡವಾಗಿ ಮರಳಿತು ಎಂಬುದನ್ನು ಅಳೆದು ಯಂತ್ರ ಆಕಾರ ಕಟ್ಟುತ್ತದೆ. ನಲವತ್ತು ವರ್ಷ ಗೋಡೆಗಳಿಗೆ ಬಣ್ಣ ಬಳಿದ ನನಗೆ ಇಷ್ಟು ಅರ್ಥವಾಗಿದೆ.

ಅಂದು ಹನ್ನೊಂದು ಗಂಟೆಗೆ ರಕ್ಷಣಾ ದಳದ ಸಾಹೇಬರು ಬರುವವರಿದ್ದರು. ಮಗ ಅವರ ಕೈಕೆಳಗೇ ದುಡಿದವನು. ಅವರು ಒಪ್ಪಿದರೆ ಯಂತ್ರ ದಳಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಪ್ರಯೋಗಶಾಲೆಯಲ್ಲೇ ಧೂಳು ತಿನ್ನುತ್ತದೆ.

“ನೀನೂ ಬಾ ಅಪ್ಪಾ. ಮೂಲೇಲಿ ಕೂತು ದೇವರ ಹೆಸರು ಹೇಳ್ಕೋ. ಜೋರಾಗಿ ಬೇಡ,” ಎಂದಳು.

ಎಂಟು ಗಂಟೆಗೆ ಪ್ರಯೋಗಶಾಲೆಯ ಹಳೆಯ ನೌಕರ, ಪರೀಕ್ಷೆಗೆಂದು ಅಲ್ಲೇ ಮಾಡಿದ್ದ ತಿರುವಿನಾಚೆ ಕೈ ಚಾಚಿ ನಿಂತ. ಎಲ್ಲರೂ ಅವನನ್ನು ಗಡಿಬಿಡಿಯಪ್ಪ ಎಂದೇ ಕರೆಯುತ್ತಾರೆ. ಮಗಳು ಯಂತ್ರ ಓಡಿಸಿದಳು. ಪರದೆಯ ಮೇಲೆ ಬರೀ ಮಬ್ಬು. ತಂತಿಗಳನ್ನು ಬಿಚ್ಚಿ ಕಟ್ಟಿದಳು. ಮತ್ತೆ ಮಬ್ಬು. ಅವಳ ಮುಖ ಸಣ್ಣದಾಯಿತು.

“ಮೊನ್ನೆ ಸಂಜೆವರೆಗೂ ಸರಿಯಾಗಿತ್ತಲ್ಲಪ್ಪಾ.”

ನಾನು ಎದ್ದು ಗೋಡೆಯ ಹತ್ತಿರ ಹೋದೆ. ಅದು ನನ್ನ ಚಾಳಿ. ಗೋಡೆಗೆ ಕೆನ್ನೆ ಕೊಟ್ಟು, ಒಂದು ಕಣ್ಣು ಮುಚ್ಚಿ, ಟಾರ್ಚನ್ನು ಗೋಡೆಗುಂಟ ಹಿಡಿದು ನೋಡಿದೆ. ಬೆಳಕು ಉದ್ದಕ್ಕೆ ಜಾರಿಹೋಯಿತು.

“ಎಣ್ಣೆ ಬಣ್ಣ ಯಾರು ಹೊಡೆದದ್ದು?”

ತಿರುವಿನಾಚೆಯಿಂದ ಗಡಿಬಿಡಿಯಪ್ಪ ಉತ್ಸಾಹದಿಂದ ಓಡಿಬಂದ. “ನಾನೇ ಯಜಮಾನ್ರೇ! ಸಾಹೇಬ್ರು ಬರ್ತಾರೆ, ಗೋಡೆ ಮಂಕಾಗಿದೆ ಅಂತ ಮೊನ್ನೆ ರಾತ್ರಿ ಕೂತು ಹೊಡೆದೆ. ಕನ್ನಡಿ ಥರ ಬಂದಿದೆ ಅಲ್ವಾ?”

“ಕನ್ನಡಿ ಥರ ಬಂದಿರೋದೇ ಕಷ್ಟ.”

ಬಣ್ಣದ ವಾಸನೆ ನನಗೆ ಬಾಗಿಲಲ್ಲೇ ಬಡಿದಿತ್ತು. ನನ್ನ ಅಂಗಿಯದೇ ಇರಬೇಕು ಎಂದು ಸುಮ್ಮನಿದ್ದೆ. ಮಗಳಂತೂ ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಅದು ಮನೆಯ ಗಾಳಿ. ಊರವರಿಗೆಲ್ಲ ಗೊತ್ತಾಗುವುದು ನಮ್ಮಿಬ್ಬರಿಗೆ ಗೊತ್ತಾಗಲಿಲ್ಲ.

ಅವಳು ತಲೆ ಹಿಡಿದು ಕೂತಳು. “ಹೊಳೆಯೋ ಗೋಡೆ ಬೆಳಕನ್ನ ಚೆದುರಿಸಲ್ಲ ಅಪ್ಪಾ, ಒಂದೇ ಕಡೆ ಎಸೆದುಬಿಡುತ್ತೆ. ಈಗ ಬೇರೆ ಬಣ್ಣ ಬಳಿದು ಒಣಗಿಸೋಕೆ ಹೊತ್ತೆಲ್ಲಿದೆ?”

“ಬಳಿಯೋದು ಯಾಕೆ? ಉಜ್ಜಿದರಾಯ್ತು. ನಿನ್ನ ಬೆಳಕು ಎಲ್ಲಿಂದ ಎಲ್ಲಿಗೆ ಬೀಳುತ್ತೆ, ಗೆರೆ ಎಳಿ.”

ಬಾಗಿಲಿನಷ್ಟು ಜಾಗಕ್ಕೆ ಗೆರೆ ಎಳೆದಳು. ಗಡಿಬಿಡಿಯಪ್ಪ ಬಡಗಿಯ ಹತ್ತಿರ ಓಡಿ ಉಪ್ಪುಕಾಗದ ತಂದ. ನೀಟಾಗಿ ಉದ್ದಕ್ಕೆ ಉಜ್ಜಿದರೆ ಗೀರು ಬಿದ್ದು ಮತ್ತೆ ಮಿನುಗುತ್ತದೆ. ಸುತ್ತ ಸುತ್ತ ಉಜ್ಜಬೇಕು. ಎರಡು ದಿನದ ಹಸಿ ಬಣ್ಣ ಕಾಗದಕ್ಕೆ ಮೆತ್ತುತ್ತಿತ್ತು, ಹತ್ತು ಸಲ ಬದಲಿಸಿದೆ.

“ಕೈ ನಡುಗ್ತಿದೆ ಅಪ್ಪಾ, ನಾನು ಮಾಡ್ತೀನಿ ಕೊಡು.”

“ಸುತ್ತ ಉಜ್ಜೋಕೆ ನಡುಗೋ ಕೈಯೇ ಮೇಲು. ನೀನು ನಿನ್ನ ಯಂತ್ರ ನೋಡ್ಕೋ ಹೋಗು.”

ಹತ್ತೂವರೆಗೆ ಗೋಡೆ ಸುಣ್ಣದ ಗೋಡೆಯ ಹಾಗೆ ಸತ್ತ ಬಿಳಿಯಾಯಿತು. ಯಂತ್ರ ಓಡಿತು. ಪರದೆಯಲ್ಲಿ ನಿಧಾನವಾಗಿ ಒಂದು ತಲೆ, ಚಾಚಿದ ಎರಡು ಕೈ ಮೂಡಿದವು. ಗಡಿಬಿಡಿಯಪ್ಪನ ಹೊಟ್ಟೆ ಕೂಡ.

ಸಾಹೇಬರು ಬಂದರು. ನನ್ನನ್ನು ಕಂಡು ಕೈಮುಗಿದರು. ಗಡಿಬಿಡಿಯಪ್ಪನ ಆಕಾರ ಪರದೆಯಲ್ಲಿ ನೋಡಿ ತಲೆಯಾಡಿಸಿದರು. ಆಮೇಲೆ ಅವನನ್ನು ಈಚೆಗೆ ಕರೆಸಿ, ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ತಾವೇ ತಿರುವಿನಾಚೆ ಹೋಗಿ ಬಂದರು.

“ಈಗ ಹೇಳಮ್ಮಾ, ಒಳಗೆ ಯಾರಿದ್ದಾರೆ?”

ಪರದೆ ಖಾಲಿ. ಬೆಳಗಿನ ಮಬ್ಬೂ ಇಲ್ಲ, ಬರೀ ಕೋಣೆಯ ಹಿಂದಿನ ಗೋಡೆ. ಅವಳು ಇನ್ನೊಮ್ಮೆ ಓಡಿಸಿದಳು.

“ಯಾರೂ ಇಲ್ಲ ಸಾರ್.”

“ನನ್ನ ಡ್ರೈವರ್‌ನ ನಿಲ್ಲಿಸಿ ಬಂದಿದ್ದೀನಿ ಅಂದ್ರೆ?”

“ನಿಮ್ಮ ಡ್ರೈವರ್ ಅಲ್ಲಿಲ್ಲ ಸಾರ್. ಕೋಣೆ ಖಾಲಿ. ಯಾರನ್ನೂ ಒಳಗೆ ಕಳಿಸಬೇಡಿ.”

ಅವಳ ದನಿ ಅಲುಗಲಿಲ್ಲ. ಸಾಹೇಬರು ಟೋಪಿ ತೆಗೆದರು.

“ಡ್ರೈವರ್ ಕೆಳಗೆ ಕಾರಲ್ಲಿದ್ದಾನೆ. ಬರೋ ತಿಂಗಳು ಯಂತ್ರ ತಗೊಂಡು ನಮ್ಮ ಹುಡುಗರ ಜೊತೆ ಬಾಮ್ಮಾ,” ಎಂದರು. ಮತ್ತೆ ಗೋಡೆಯ ಮೇಲೆ ಬೆರಳಾಡಿಸಿ, “ಇದ್ಯಾಕೆ ಇಷ್ಟು ಮಂಕು? ಒಂದು ಕೋಟು ಬಣ್ಣ ಹೊಡೆಸಬಾರದಾ?” ಎಂದರು.

ಗಡಿಬಿಡಿಯಪ್ಪ ಕೆಮ್ಮಿದ.

“ಅದು ಹಾಗೇ ಇರಬೇಕು ಸಾರ್,” ಎಂದಳು ಮಗಳು. “ನಮ್ಮಪ್ಪನ ಕೆಲಸ.”

ಹೊಳೆಯುವ ಎಷ್ಟೋ ಗೋಡೆಗಳಿಗೆ ಜನ ನನ್ನನ್ನು ಹೊಗಳಿದ್ದಾರೆ. ಅಂದಿನಷ್ಟು ಎದೆ ಯಾವತ್ತೂ ಉಬ್ಬಿರಲಿಲ್ಲ.

ಎಲ್ಲರೂ ಸಾಹೇಬರನ್ನು ಬೀಳ್ಕೊಡಲು ಹೋದಾಗ ನಾನು ತಿರುವಿನಾಚೆ ಹೋದೆ. ನಿಜಕ್ಕೂ ಯಾರೂ ಇರಲಿಲ್ಲ. ಅಲ್ಲಿ ನಿಂತು ಮಗನನ್ನು ನೆನೆದು, ದೇವರನ್ನು ನೆನೆದು ಕೈಮುಗಿದೆ.

“ಅಪ್ಪಾ,” ಎಂದು ಆಚೆಯಿಂದ ಮಗಳ ದನಿ ಬಂತು. ಯಾವಾಗ ಹಿಂದಿರುಗಿದ್ದಳೋ. “ಯಂತ್ರ ಇನ್ನೂ ಆರಿಸಿಲ್ಲ. ಕೈಮುಗಿದಿರೋದು ಕಾಣ್ತಿದೆ.”

“ಕಾಣಲಿ ಬಿಡು ಪುಟ್ಟೀ,” ಎಂದೆ. ಕೈ ಇಳಿಸಲಿಲ್ಲ.