ಹೇಮಾವತಿಯ ಕೈಮೇಲಿನ ಎರಡು ಹೆಸರು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮಹಿಳಾ ಸಂಘದ ಹೇಮಾವತಿ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾರುತ್ತಾಳೆ. ಅವಳ ಕೈರುಚಿಗೆ ಯಾರೂ ಹೆಸರಿಡುವಂತಿಲ್ಲ. ಆದರೆ ತಿನ್ನಲು ಬಂದವರ ಕಣ್ಣು ಮಿರ್ಚಿ ಬಿಟ್ಟು ಅವಳ ಬಲಗೈ ಮೇಲೆ ಹೋಗುತ್ತಿತ್ತು. ಅಲ್ಲೊಂದು ಹಚ್ಚೆ.

“ನಾಗಭೂಷಣ ಅಂದ್ರ ಯಾರವ್ವಾ? ನಿನ್ನ ಗಂಡನೇನು?”

“ಆಗಿದ್ದ ರೀ. ಮಿರ್ಚಿ ಎಷ್ಟು ಹಾಕ್ಲಿ?”

ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರೂ ಆಸೆಪಟ್ಟು ಹಚ್ಚೆ ಹಾಕಿಸಿಕೊಂಡಿದ್ದರು. ಮಗಳು ಹುಟ್ಟಿದಾಗ ಹೇಮಾವತಿ ಅವನ ಹೆಸರಿನ ಕೆಳಗೇ ‘ಪಂಪಾವತಿ’ ಎಂದು ಬರೆಸಿದಳು. ಆಮೇಲೆ ಅವನು ಬೇರೆ ಸಂಸಾರ ಹೂಡಿ ಹೋದ. ಕೋರ್ಟು ಇಬ್ಬರನ್ನೂ ಬಿಡಿಸಿತು. ಕೈಮೇಲಿನ ಹೆಸರನ್ನು ಬಿಡಿಸಲು ಯಾವ ಕೋರ್ಟಿದೆ?

ಈಗ ಹೇಮಾವತಿಗೆ ಮತ್ತೊಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಸಂಡೂರು ಬಳಿಯ ದೋಣಿಮಲೈಯಲ್ಲಿ ಬಸ್ ಓಡಿಸುವ ಯಲ್ಲೇಶ, ಹೆಂಡತಿಯನ್ನು ಕಳೆದುಕೊಂಡವನು, ಮೆತ್ತಗಿನ ಮನುಷ್ಯ. ನಮ್ಮಲ್ಲಿ ಹೆಣ್ಣಿನ ಮರುಮದುವೆಗೆ ಉಡಿಕಿ ಎನ್ನುತ್ತೇವೆ. ಗದ್ದಲವಿಲ್ಲ. ಹೊಸ ಸೀರೆ ಉಡಿಸಿ, ನಾಲ್ಕು ಜನರೆದುರು ಎರಡೂ ಕೈಗೆ ಹಸಿರು ಬಳೆ ಇಡಿಸಿದರೆ ಆಯಿತು. ಸುಗ್ಗಿ ಮುಗಿದ ಮೇಲೆ ಉಡಿಕಿ ಎಂದು ಮಾತಾಯಿತು.

ಮಾತುಕತೆ ಮುಗಿಸಿ ಏಳುವ ಮುಂಚೆ ಯಲ್ಲೇಶನ ತಾಯಿ ಜಂಬವ್ವ ಒಂದು ಮಾತು ಎತ್ತಿದಳು. “ಹುಡುಗಿ ಬಂಗಾರದಂಥಾಕಿ. ಮೊಮ್ಮಗಳೂ ನಮ್ಮನಿಗೇ ಬರ್ಲಿ. ಆದ್ರ ಆ ಹೆಸರು ಇರೋ ಕೈಗೆ ನನ್ನ ಮಗನ ಹೆಸರಿನ ಹಸಿರು ಬಳಿ ಇಡಸಂಗಿಲ್ಲ ನೋಡ್ರಿ.”

ಹೇಮಾವತಿಯ ತಾಯಿ ತಿಪ್ಪಕ್ಕನಿಗೆ ಅದೇ ಚಿಂತೆಯಾಯಿತು. ಬಂದ ಸಂಬಂಧ ತಪ್ಪಿದರೆ? ಯಾರೋ ಹೇಳಿದರೆಂದು ಕೇರುಬೀಜ ತಂದಳು. ಹಿಂದೆ ಒಗೆಯುವ ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಅದೇ ಬೀಜ. ಬಿಸಿ ಮಾಡಿ, ಎಣ್ಣೆ ತೆಗೆದು, ಕಡ್ಡಿಯಿಂದ ಮೊದಲ ಅಕ್ಷರಕ್ಕೆ ಹಚ್ಚಿದಳು.

“ಉರೀತೈತಿ ಬೇ!”

“ತಡಕೋ. ಮುಳ್ಳನ್ನ ಮುಳ್ಳಿನಿಂದಾನ ತೆಗೀಬೇಕು.”

ಮರುದಿನ ಕೈ ಊದಿ ಬೊಬ್ಬೆ ಎದ್ದಿತ್ತು. ಒಲೆಯ ಮುಂದೆ ನಿಲ್ಲಲಾಗದೆ ಹೇಮಾವತಿ ಅಂಗಡಿ ಮುಚ್ಚಿದಳು. ನಮ್ಮ ಓಣಿಯವಳೇ ಆದ ಸುಧಾರಾಣಿ, ಆಸ್ಪತ್ರೆಯಲ್ಲಿ ನರ್ಸು. ವಿಷಯ ತಿಳಿದವಳೇ ಹೇಮಾವತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಾಯಕ್ಕೆ ಔಷಧಿಯಾಯಿತು. ಮನೆಗೆ ಬಂದ ಮೇಲೆ ತಿಪ್ಪಕ್ಕನಿಗೆ ಮಾತಿನ ಔಷಧಿ.

“ತಿಪ್ಪಕ್ಕಾ, ನೀ ಹೆಸರು ಸುಟ್ಟಿಲ್ಲ. ಮಗಳ ಕೈ ಸುಟ್ಟಿ.”

“ಹೋಗ್ತೈತಿ ಅಂದ್ರವ್ವಾ.”

“ಹಚ್ಚಿ ಬಣ್ಣ ತೊಗಲಿನ ಒಳಗ ಕುಂತಿರ್ತೈತಿ. ಕೇರೆಣ್ಣಿ, ಸುಣ್ಣ, ಆಸಿಡ್, ಉಪ್ಪು, ಮ್ಯಾಲಿಂದ ಏನ್ ತಿಕ್ಕಿದ್ರೂ ತೊಗಲು ಹೋಗ್ತೈತಿ, ಬಣ್ಣ ಅಲ್ಲೇ ಉಳೀತೈತಿ. ಇದಕ್ಕ ದಾರಿ ಎರಡು. ಬ್ಯಾರೆ ಹಚ್ಚಿ ಹಾಕ್ಸಿ ಮುಚ್ಚೋದು, ಇಲ್ಲಾ ಚರ್ಮದ ಡಾಕ್ಟರ ಕಡಿಂದ ಲೇಸರ್ ಮಾಡ್ಸಿ ತೆಗಸೋದು. ಗಾಯ ಪೂರ್ತಿ ಮಾಯೋ ತನಕ ಎರಡೂ ಬ್ಯಾಡ.”

“ಮುಚ್ಚೋದು ಜಲ್ದಿ ಆಗ್ತೈತೇನು?”

“ಜಲ್ದಿ ಆಗ್ತೈತಿ. ಅದಕ್ಕ ಇನ್ನೊಮ್ಮೆ ಯೋಚ್ನಿ ಮಾಡ್ರಿ ಅನ್ನೋದು.”

ಜಲ್ದಿ ಎನ್ನುವ ಒಂದು ಮಾತಷ್ಟೇ ತಿಪ್ಪಕ್ಕನ ಕಿವಿಗೆ ಬಿತ್ತು. ಗಾಯ ಮಾಯ್ದ ಮೇಲೆ ಮಗಳನ್ನೂ ಮೊಮ್ಮಗಳನ್ನೂ ಹೊರಡಿಸಿಕೊಂಡು ಹಂಪಿಗೆ ಹೋದಳು. ಅಲ್ಲಿ ಪ್ರವೀಣ ಎಂಬ ಹುಡುಗ ಪ್ರವಾಸಿಗರಿಗೆ ಹಚ್ಚೆ ಹಾಕುತ್ತಾನೆ. ಹೊಸ ಸೂಜಿಯ ಪ್ಯಾಕೆಟ್ಟನ್ನು ಬಂದವರ ಎದುರೇ ಒಡೆಯುವ ಅಚ್ಚುಕಟ್ಟಿನ ಹುಡುಗ.

ಅವನು ಕೈ ತಿರುಗಿಸಿ ನೋಡಿದ. “ಹಳೇದು ಮುಚ್ಚಬೇಕಂದ್ರ ಅದಕ್ಕಿಂತ ದೊಡ್ಡದು, ಕಪ್ಪಂದು ಹಾಕ್ಬೇಕ್ರಿ. ನವಿಲು ಹಾಕಿದ್ರ ಮೊಣಕೈ ತನಕ ಬರ್ತೈತಿ. ಸುಟ್ಟ ಜಾಗದಾಗ ಬಣ್ಣ ಸಮ ಹಿಡೀತೈತಿ ಅಂತ ಹೇಳಾಕ್ಕಾಗಲ್ಲ. ಮುಂದ ನವಿಲೂ ಬ್ಯಾಡ ಅಂದ್ರ, ತೆಗಸೋದು ಇದಕ್ಕಿಂತ ಕಷ್ಟ.”

“ಹಾಕಪ್ಪಾ, ಇವತ್ತೇ ಹಾಕು,” ಎಂದಳು ತಿಪ್ಪಕ್ಕ.

ಪ್ರವೀಣ ಮೊದಲು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದ. ನವಿಲಿನ ಕುತ್ತಿಗೆ ನಾಗಭೂಷಣನ ಮೇಲೆ ಬಂತು. ಗರಿ ಕೆಳಗಿಳಿಯಿತು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಪಂಪಾವತಿ ತಾಯಿಯ ಸೆರಗು ಎಳೆದಳು.

“ಅವ್ವಾ, ನನ್ನ ಹೆಸರೂ ನವಿಲಿನ ಕೆಳಗ ಹೋತು. ನನ್ನೂ ಅಳಸ್ತಿಯೇನು?”

ಪ್ರವೀಣ ಪೆನ್ನು ಕೆಳಗಿಟ್ಟ. “ಎರಡೂ ಹೆಸರು ಅಂಟಿಕೊಂಡಾವಕ್ಕಾ. ಒಂದು ಮುಚ್ಚಿ ಒಂದು ಉಳಿಸಾಕ ನನ್ನ ಕಡಿಂದ ಆಗಲ್ಲ.”

ಹೇಮಾವತಿ ಮಗಳನ್ನು ತಬ್ಬಿಕೊಂಡು ಅತ್ತಳು. ಅಲ್ಲಿಯವರೆಗೆ ಅಮ್ಮ ಹೇಳಿದ್ದಕ್ಕೆ, ಅತ್ತೆಯಾಗುವ ಜಂಬವ್ವ ಹೇಳಿದ್ದಕ್ಕೆ ಕೈ ಚಾಚಿದ್ದಳೇ ಹೊರತು ತನಗೇನು ಬೇಕೆಂದು ಅವಳೇ ಕೇಳಿಕೊಂಡಿರಲಿಲ್ಲ. ಈಗ ಅದು ಗೊತ್ತಾಗಿ, ನವಿಲು ಹಾಕಿಸದೆ ಎದ್ದಳು.

ಮರುವಾರ ಸುಧಾರಾಣಿಯ ಜೊತೆ ಚರ್ಮದ ಡಾಕ್ಟರನ್ನು ಕಂಡಳು. ಅವರು ಸುಳ್ಳು ಭರವಸೆ ಕೊಡಲಿಲ್ಲ. ಲೇಸರನ್ನು ಮೇಲಿನ ಹೆಸರಿಗಷ್ಟೇ ಹಾಯಿಸಬಹುದು. ಕಪ್ಪು ಬಣ್ಣವಾದ್ದರಿಂದ ಚೆನ್ನಾಗಿ ತಿಳಿಯಾಗಬಹುದು. ಆದರೆ ಹಲವು ಸಲ ಬರಬೇಕು, ನಡುವೆ ವಾರಗಟ್ಟಲೆ ಬಿಡುವು ಕೊಡಬೇಕು. ನೆರಳಿನಂತೆ ಒಂದಿಷ್ಟು ಉಳಿದರೂ ಉಳಿದೀತು. ನಮ್ಮಂಥ ಬಣ್ಣದ ಚರ್ಮಕ್ಕೆ ಬಿಳಿ ಅಥವಾ ಕಪ್ಪು ಕಲೆ ಬೀಳಬಹುದಾದ್ದರಿಂದ ಮೊದಲು ಚೂರು ಜಾಗದಲ್ಲಿ ಮಾಡಿ ನೋಡಬೇಕು. ಒಟ್ಟು ಖರ್ಚು ಮೊದಲೇ ಕೇಳಿಕೊಳ್ಳಿ ಎಂದೂ ಅವರೇ ಹೇಳಿದರು.

ಸುಗ್ಗಿಯ ಹೊತ್ತಿಗೆ ಮುಗಿಯುವ ಕೆಲಸವಲ್ಲ ಅದು. ಹೇಮಾವತಿ ತಾಯಿಯನ್ನು ಕರೆದುಕೊಂಡು ನೇರ ಸಂಡೂರಿಗೆ, ಜಂಬವ್ವನ ಮನೆಗೆ ಹೋದಳು.

ಜಂಬವ್ವನ ಎರಡೂ ಕೈ ತುಂಬ ಹಳೆಯ ಕಾಲದ ಹಚ್ಚೆ. ಹೆಸರು ಹೋಗಲು ತಿಂಗಳುಗಟ್ಟಲೆ ಬೇಕೆಂದು ಕೇಳುತ್ತಲೇ ಮುಖ ಬಿಗಿದಳು. “ಸತ್ತಾಗ ನಮ್ಮ ಸಂಗಾಟ, ಜೊತಿಗೆ ಬರೋದು ಹಚ್ಚಿ ಒಂದೇ ಅಂತಾರ. ಅವನ ಹೆಸರು ಹೊತ್ಕೊಂಡ ನನ್ನ ಮಗನ ಮನಿಗೆ ಬರ್ತಿಯೇನು?”

“ಅತ್ತಿ, ಅವನ ಹೆಸರು ನನಗೂ ಬ್ಯಾಡ. ಆದ್ರ ಅವಸರ ಮಾಡಿದ್ರ ಮಗಳ ಹೆಸರೂ ಹೋಗ್ತೈತಿ. ಅದು ನನ್ನ ಸಂಗಾಟ ಬರ್ಲಿ. ಅವನದು ನಿಧಾನಕ್ಕ ತೆಗಸ್ತೀನಿ. ಅಲ್ಲೀತನಕ ತಡ್ಯಾಕಾಗಲ್ಲ ಅಂದ್ರ ಈ ಉಡಿಕಿನ ಬ್ಯಾಡ್ರಿ.”

ಜಂಬವ್ವ ಹೇಮಾವತಿಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಮೊದಲ ಅಕ್ಷರದ ಜಾಗದಲ್ಲಿ ಚರ್ಮ ಮುದುಡಿತ್ತು.

“ಇದೇನಿದು?”

“ಕೇರೆಣ್ಣಿರೀ,” ಎಂದಳು ತಿಪ್ಪಕ್ಕ ತಲೆ ತಗ್ಗಿಸಿ. “ನಾನ ಹಚ್ಚಿದ್ದು. ನೀವು ಹಂಗಂದ್ರಲ್ಲ, ಭಾಳ ಹೆದರಿಕಿ ಆಗಿತ್ತು.”

ಗೊತ್ತುಮಾಡಿದ ಉಡಿಕಿಯನ್ನು ಜಂಬವ್ವ ಮುರಿಯಲಿಲ್ಲ. ಚಹಾ ಕೊಟ್ಟು ಕಳಿಸಿದಳು. ಆ ಕೈಗೆ ಬಳೆ ಇಡಿಸುವ ಮಾತು ಮಾತ್ರ ಉಡಿಕಿ ದಿನದವರೆಗೂ ಹಾಗೇ ನಿಂತಿತು.

ಆ ದಿನ ನಾವೆಲ್ಲ ತಿಪ್ಪಕ್ಕನ ಮನೆಯಲ್ಲಿದ್ದೆವು. ಹಿಂದಿನ ವಾರವಷ್ಟೇ ಲೇಸರ್ ಆಗಿ ಹೇಮಾವತಿಯ ಬಲಗೈಗೆ ಬ್ಯಾಂಡೇಜ್ ಇತ್ತು. ಅದರ ಅಂಚಿಗೆ ಕೆಳಗಡೆ ಪಂಪಾವತಿ ಎಂಬ ಹೆಸರು ಮುಚ್ಚದೆ ಕಾಣುತ್ತಿತ್ತು. ಬಳೆಗಾರ್ತಿ ನಿಂಗಕ್ಕ ಎಡಗೈಗೆ ಬಳೆ ಇಟ್ಟು, “ಬಲಗೈ ಕೊಡವ್ವಾ” ಎಂದಳು. ಎಲ್ಲರೂ ಜಂಬವ್ವನ ಮುಖ ನೋಡಿದೆವು.

ಜಂಬವ್ವ ಎದ್ದು ಬಂದು ನಿಂಗಕ್ಕನ ಕೈಯಿಂದ ಬಳೆ ತೆಗೆದುಕೊಂಡಳು.

“ಆ ಕೈ ಬಿಡು ನಿಂಗಕ್ಕಾ. ಗಾಯ ಐತಿ, ಮಾಯ್ಲಿ. ಈ ಬಳಿ ನನ್ನ ಕಡಿ ಇರ್ತಾವು. ಅವನ ಹೆಸರು ಹೋದ ದಿನ ನಾನ ನನ್ನ ಸೊಸಿಗೆ ಇಡ್ತೀನಿ. ಒಂದ ಕೈಯಾಗ ಬಳಿ ಇದ್ರ ಉಡಿಕಿ ಆಗಂಗಿಲ್ಲ ಅಂತ ಯಾರಂತಾರ, ಮುಂದ ಬರ್ರಿ ನೋಡೋಣು!”

ಯಾರು ಬರುತ್ತಾರೆ? ಜಂಬವ್ವ ಆಡಿದ ಮಾತನ್ನೂ ಉಳಿಸಿಕೊಂಡಳು, ಸೊಸೆಯ ಕೈಯನ್ನೂ ಉಳಿಸಿದಳು. ನನಗಂತೂ ಕಣ್ಣು ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೈಮೇಲೂ ಬೇಡವಾದ ಹಚ್ಚೆ ಇರಬಹುದು. ಮುಚ್ಚಿಸುವುದೂ ತಪ್ಪಲ್ಲ, ತೆಗೆಸುವುದೂ ತಪ್ಪಲ್ಲ, ಹಾಗೇ ಬಿಡುವುದೂ ತಪ್ಪಲ್ಲ. ನಿರ್ಧಾರ ಮಾತ್ರ ನಿಮ್ಮದಾಗಿರಲಿ, ನಿಧಾನವಾಗಿರಲಿ. ಮುಚ್ಚಿಸುವುದಾದರೆ ಸೂಜಿ ನಿಮ್ಮ ಕಣ್ಣೆದುರೇ ಒಡೆದ ಹೊಸದಾಗಿರಲಿ. ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆ, ಎಚ್‌ಐವಿ ಹರಡಬಹುದು. ಹಚ್ಚೆಯೊಳಗೆ ಮಚ್ಚೆಯಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಸುರಿಯರು ಹೆರಿಗೆಯಾಗುವವರೆಗೆ ಮುಚ್ಚಿಸುವುದು, ತೆಗೆಸುವುದು ಎರಡನ್ನೂ ಮುಂದೂಡಿ. ತೆಗೆಸುವುದಾದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮನೆಮದ್ದಿನ ಗೊಡವೆ ಬೇಡವೇ ಬೇಡ.

ಹೇಮಾವತಿಯ ಕೈಮೇಲೆ ಆ ಹೆಸರು ಈಗ ಬಳಪ ಒರೆಸಿದ ಪಾಟಿಯಂತೆ ಮಸುಕಾಗಿದೆ, ಇನ್ನೂ ಪೂರ್ತಿ ಹೋಗಿಲ್ಲ. ಹಸಿರು ಬಳೆ ಸಂಡೂರಿನ ಮನೆಯಲ್ಲಿ ಹಾಗೇ ಕಾದಿವೆ. ಬಳೆ ಕಾಯುತ್ತವೆ. ನೀವು ಕೈ ಸುಟ್ಟುಕೊಳ್ಳಬೇಡಿ.